ಖಾಲಿ ಪೆಟ್ಟಿಗೆ ಮಾತಾಡಿದ ದಿನ

ದೆವ್ವ, ದೃಷ್ಟಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ನಂಬದೇ ಇರುವುದೇ ನನ್ನ ಹೊಟ್ಟೆಪಾಡು ಅಂದರೂ ಸರಿ. ಹೈದರಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬದುಕಿದವನು ನಾನು. ‘ಇದರಾಗ ಏನೋ ಹೊಕ್ಕೈತ್ರಿ’ ಎಂದು ಕರೆದವರ ಮನೆಗೆ, ಆಫೀಸಿಗೆ ಹೋಗಿ ಪೆಟ್ಟಿಗೆ ಬಿಚ್ಚಿದರೆ ಸಿಗುತ್ತಿದ್ದದ್ದು ಧೂಳು, ಸಡಿಲಾದ ವೈರು, ಒಂದೊಂದು ಸಲ ಸತ್ತ ಹಲ್ಲಿ. ಅಬಿಡ್ಸ್‌ನ ಒಂದು ಬಟ್ಟೆ ಅಂಗಡಿಯವರು ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ನಾನು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಒಳಗೆ ಸಿಕ್ಕಿಕೊಂಡಿದ್ದ ಫ್ಯಾನು ಸರಿ ಮಾಡಿಕೊಟ್ಟೆ. ಕಂಪ್ಯೂಟರ್ ಸರಿಹೋಯಿತು. ಮಾಲೀಕರು ಸಂತೋಷದಿಂದ ನನ್ನೆದುರೇ ಮತ್ತೊಂದು ಹೊಸ ನಿಂಬೆಹಣ್ಣು ಕಟ್ಟಿದರು. ಈ ಕಥೆಯನ್ನು ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೇನೋ.

ಇಂಥವನು ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಅಂತ ನನಗೇನೂ ಹಟವಿಲ್ಲ. ನೀವು ನಕ್ಕರೂ ಬೇಜಾರಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಇಷ್ಟು ವರ್ಷ ಸುಮ್ಮನಿದ್ದುದಕ್ಕೆ ಕಾರಣ ನನ್ನ ಅಕ್ಕ. ಆ ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ನಾವು ಬೀದರ ಕಡೆಯವರು. ನಮ್ಮ ಅಪ್ಪ ರೈಲ್ವೆ ಆಫೀಸಿನ ಕೆಲಸಕ್ಕೆಂದು ಬಂದು ಕಾಚಿಗುಡದಲ್ಲಿ ಮನೆ ಮಾಡಿದರು. ನಾನು, ಅಕ್ಕ ಗಿರಿಜಾ ಇಬ್ಬರೂ ಹುಟ್ಟಿದ್ದು ಅಲ್ಲೇ. ಅಕ್ಕ ಕೂಸಿದ್ದಾಗ ಬಂದ ಜ್ವರ ಅವಳ ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಮನೆಗೆ ಬಂದ ನೆಂಟರು ‘ಪಾಪ’ ಅಂದರೆ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು. ‘ಪಾಪ ಯಾಕ್ರಿ? ಆಕಿ ಪಾಠಾ ಕೇಳ್ರಿ ಒಮ್ಮೆ’ ಎಂದು ಅವಳನ್ನು ಎದುರಿಗೆ ಕೂಡಿಸಿಬಿಡುತ್ತಿದ್ದರು. ಚುಕ್ಕಿ ಲಿಪಿಯಲ್ಲಿ ಓದಿ ಪಾಸಾದಳು. ಬಾಲಾನಗರದ ಆಚೆಗಿದ್ದ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆದಳು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸಿದವಳೂ, ನನ್ನನ್ನು ಡಿಪ್ಲೊಮಾ ಓದಿಸಿದವಳೂ ಅವಳೇ.

ಆ ಕಾರ್ಖಾನೆಯಲ್ಲಿ ಅವಳ ಧ್ವನಿ ಗೊತ್ತಿಲ್ಲದವರಿರಲಿಲ್ಲ. ಫೋನಿನಲ್ಲಿ ‘ಹಲೋ’ ಎಂಬ ಒಂದೇ ಮಾತು ಕೇಳಿ ಇವರು ಇಂಥ ವಿಭಾಗದವರು, ಇವತ್ತು ನೆಗಡಿಯಾಗಿದೆ ಎನ್ನುವವರೆಗೆ ಹೇಳುತ್ತಿದ್ದಳು. ಯಾವ ನಂಬರಿಗೂ ಪುಸ್ತಕ ತಿರುವಿಸಿದವಳಲ್ಲ. ಆದರೆ ಒಂದು ದಿನ ಹೊಸ ಎಕ್ಸ್‌ಚೇಂಜ್ ಬಂತು. ಯಾರು ಯಾರಿಗೆ ಬೇಕಾದರೂ ತಾವೇ ನಂಬರ್ ಒತ್ತಿಕೊಳ್ಳಬಹುದು. ನಡುವೆ ಆಪರೇಟರ್ ಬೇಡ. ಅಕ್ಕ ಫೋನ್ ಜೋಡಿಸಿಕೊಡುತ್ತಿದ್ದ ಬೋರ್ಡನ್ನು ಕಿತ್ತು ಗೋದಾಮಿಗೆ ಸಾಗಿಸಿದರು. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಕುರ್ಚಿ ಕೊಟ್ಟು, ಸುಮ್ಮನೆ ಕೂತಿರಿ, ಸಂಬಳ ಬರುತ್ತದೆ ಎಂದರು. ಬೇರೆಯವರಾಗಿದ್ದರೆ ನೆಮ್ಮದಿ ಪಡುತ್ತಿದ್ದರೇನೋ. ಅಕ್ಕ ಮನೆಗೆ ಬಂದು ಊಟದ ಮುಂದೆ ಕೈ ಕಟ್ಟಿ ಕೂತುಬಿಡುತ್ತಿದ್ದಳು.

‘ದಿನಾ ಹೋಗಿ ಕುರ್ಚಿಗೆ ಕಾವು ಕೊಟ್ಟು ಬರಾಕತ್ತೀನಿ ತಮ್ಮಾ. ಕೋಳಿ ಆದ್ರ ಮರೀನಾರ ಆಗ್ತಿದ್ವು.’

ಹೀಗೆ ಹೇಳಿದವಳು ಅತ್ತವಳಲ್ಲ. ಕುರುಡರಿಗಾಗಿ ಮಾತಾಡುವ ಕಂಪ್ಯೂಟರ್ ಬಂದಿದೆಯಂತೆ ಎಂದು ಎಲ್ಲಿಂದಲೋ ಸುದ್ದಿ ತಂದಳು. ಪರದೆಯ ಮೇಲೆ ಮೂಡಿದ ಅಕ್ಷರವನ್ನೆಲ್ಲ ಓದಿ ಹೇಳುವ ಒಂದು ಪ್ರೋಗ್ರಾಂ ಅದು. ಆಫೀಸಿನಲ್ಲಿ ಹಟ ಹಿಡಿದು ಮೂಲೆಗೆ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರನ್ನು ತನ್ನ ಮೇಜಿಗೆ ಹಾಕಿಸಿಕೊಂಡಳು. ಪ್ರೋಗ್ರಾಂ ಹಾಕಿಕೊಟ್ಟವನು ನಾನು. ಅದು ಮೂಗಿನಲ್ಲಿ ಮಾತಾಡುವ ಇಂಗ್ಲಿಷ್ ಗಂಡಸಿನ ಧ್ವನಿ. ಅಕ್ಕ ಅದಕ್ಕೆ ‘ಸಾಹೇಬ’ ಎಂದು ಹೆಸರಿಟ್ಟಳು. ‘ಸಾಹೇಬಗ ನೆಗಡಿ ಭಾಳ ಐತಿ’ ಎಂದು ನಗುತ್ತಲೇ ತಿಂಗಳುಗಟ್ಟಲೆ ಕೂತು ಕಲಿತಳು. ಮೌಸ್ ಮುಟ್ಟದೆ, ಬರೀ ಕೀಬೋರ್ಡಿನ ಮೇಲೆ, ನನಗಿಂತ ಬೇಗ ಕೆಲಸ ಮಾಡತೊಡಗಿದಳು. ನಾನು ಕಲಿಸಿದ್ದು ಅರ್ಧ. ಉಳಿದದ್ದು ಅವಳೇ ಹುಡುಕಿಕೊಂಡದ್ದು.

ಅವಳ ವಿಭಾಗದ ಮೇಲಧಿಕಾರಿ ಮೂರ್ತಿಯವರು ತೆಲುಗಿನವರು, ಒಳ್ಳೆಯ ಮನುಷ್ಯ. ಪತ್ರವ್ಯವಹಾರದ ಮೇಜು ನನಗೆ ಕೊಡಿ ಎಂದು ಅಕ್ಕ ಕೇಳಿದಾಗ, ದೆಹಲಿಯ ಕಚೇರಿಯಿಂದ ಬರುವ ಅಧಿಕಾರಿಯ ಎದುರು ಒಮ್ಮೆ ಮಾಡಿ ತೋರಿಸಿ, ಅವರು ಒಪ್ಪಿದರೆ ಮೇಜು ನಿಮ್ಮದು ಎಂದರು. ಒಪ್ಪದಿದ್ದರೆ ಮತ್ತೆ ಕುರ್ಚಿ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ತೊಂದರೆ ಇದ್ದದ್ದು ಕಂಪ್ಯೂಟರಿನದು. ಅಕ್ಕನ ಬೆರಳು ಮುಂದೆ, ಸಾಹೇಬ ಹಿಂದೆ. ಅವಳು ಒಂದು ಸಾಲು ಮುಗಿಸಿದರೂ ಅವನು ಮೊದಲ ಪದದಲ್ಲೇ ತೊದಲುತ್ತಿದ್ದ. ಮೆಮೊರಿ ಕಡಿಮೆ ಇದೆ ಎಂದು ನಾನು ಇನ್ನೊಂದು ಮೆಮೊರಿ ಹಾಕಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೆಮೊರಿ ಅಂದರೆ ಬೆರಳುದ್ದದ ಹಸಿರು ಪಟ್ಟಿ, ಮೇಲೆ ಕರಿಯ ಚಿಪ್ಪುಗಳು. ಕಂಪ್ಯೂಟರಿನ ಒಳಗಿನ ಬೋರ್ಡಿನಲ್ಲಿ ಅದಕ್ಕೆಂದೇ ಉದ್ದನೆಯ ಸೀಳುಗಳಿರುತ್ತವೆ. ಅದರಲ್ಲಿ ಒತ್ತಿ ಕೂಡಿಸಬೇಕು. ಅದಿಲ್ಲದಿದ್ದರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ, ಸುಮ್ಮನೆ ಕೂಗಿಕೊಳ್ಳುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೊಸ ಪಟ್ಟಿ ಹಾಕಿದ ಮೇಲೆ ಸಾಹೇಬ ಚುರುಕಾದ. ಜೊತೆಗೆ ಹೊಸ ಕಾಯಿಲೆಯೂ ಶುರುವಾಯಿತು. ಕೆಲಸದ ನಡುವೆ ಇದ್ದಕ್ಕಿದ್ದಂತೆ ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡು ‘ದ ದ ದ ದ’ ಎನ್ನುತ್ತಿದ್ದ, ಆಮೇಲೆ ನಿಂತೇಬಿಡುತ್ತಿದ್ದ. ಪರದೆ ನೀಲಿಯಾಗಿ ಬಿಳಿಯ ಅಕ್ಷರಗಳು ಮೂಡುತ್ತಿದ್ದವು. ಅಕ್ಕನಿಗೆ ಆ ನೀಲಿ ಕಾಣದು. ಅವಳ ಪಾಲಿಗೆ ಇಡೀ ಲೋಕವೇ ಮಾತು ನಿಲ್ಲಿಸಿದ ಹಾಗೆ. ಬೆರಳನ್ನು ಕೀಬೋರ್ಡಿನ ಮೇಲೆ ಹಾಗೇ ಇಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ ಕಾಯುತ್ತಿದ್ದಳು. ಅದನ್ನು ನೋಡಲು ನನಗಾಗುತ್ತಿರಲಿಲ್ಲ.

ನಾನು ಬಿಡಲಿಲ್ಲ. ಪಟ್ಟಿಗಳನ್ನು ಕಿತ್ತು, ಅವುಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂಡಿಸಿದೆ. ಸೀಳು ಬದಲಿಸಿದೆ. ಕರೆಂಟಿನ ಪೆಟ್ಟಿಗೆಯನ್ನೇ ಬೇರೆ ಹಾಕಿ ನೋಡಿದೆ. ಹಳೆಯ ಪಟ್ಟಿಯನ್ನು ಒಂಟಿಯಾಗಿ ಹಾಕಿದರೆ ಕಂಪ್ಯೂಟರ್ ನಿಧಾನ, ಆದರೆ ನಿಲ್ಲುವುದಿಲ್ಲ. ಹೊಸದನ್ನು ಒಂಟಿಯಾಗಿ ಹಾಕಿದರೂ ನಿಲ್ಲುವುದಿಲ್ಲ, ಆದರೆ ಪ್ರೋಗ್ರಾಂಗೆ ಅದೊಂದೇ ಸಾಲದು. ಎರಡನ್ನೂ ಜೊತೆಗೆ ಹಾಕಿದರೆ ಮಾತ್ರ ಜಗಳ. ಅಧಿಕಾರಿ ಬರುವ ದಿನದ ಬೆಳಿಗ್ಗೆ ಅಕ್ಕನ ಆಫೀಸಿನಲ್ಲಿ ಕೂತು ಎರಡೂ ಪಟ್ಟಿಗಳನ್ನು ಬೆಳಕಿಗೆ ಹಿಡಿದಾಗ ಗೊತ್ತಾಯಿತು: ಚಿಪ್ಪಿನ ಮೇಲೆ ಬರೆದ ವೇಗ ಬೇರೆ ಬೇರೆ. ಒಂದು ಸಾವಕಾಶದ್ದು, ಒಂದು ಅವಸರದ್ದು. ಎರಡೂ ಒಳ್ಳೆಯವೇ, ಆದರೆ ಒಂದೇ ಮನೆಯಲ್ಲಿ ಬಾಳುವಂಥವಲ್ಲ. ಅದನ್ನು ಕಂಡುಹಿಡಿದಾಗ ನನಗಾದ ಹೆಮ್ಮೆ ಹೇಳತೀರದು. ಅಕ್ಕನಿಗೂ ಹೇಳಿದೆ.

‘ಮತ್ತೀಗ?’ ಎಂದಳು.

‘ಸಿಕಂದರಾಬಾದಿಗೆ ಹೋಗಿ ಎರಡೂ ಕೊಟ್ಟು, ಒಂದೇ ನಮೂನಿ ಜೋಡಿ ತರ್ತೀನಿ. ನಿನ್ನ ಪರೀಕ್ಷಾ ಊಟದ ಮ್ಯಾಲ ಅಲ್ಲ? ಅಷ್ಟರಾಗ ಬರ್ತೀನಿ. ಅಲ್ಲೀತನಕ ಇದನ್ನ ಹಚ್ಚಬ್ಯಾಡ, ಮೆಮೊರಿ ತಗದೀನಿ.’

ಹಾಗೆ ಹೇಳಿ, ಹಚ್ಚಿದರೆ ಏನಾಗುತ್ತದೆಂದು ಒಮ್ಮೆ ಸ್ವಿಚ್ ಒತ್ತಿ ಕೇಳಿಸಿದೆ. ಕಂಪ್ಯೂಟರ್ ‘ಕೂಂ… ಕೂಂ…’ ಎಂದು ಹಸಿದ ಕರುವಿನಂತೆ ಕೂಗಿತು. ಅಕ್ಕ ನಕ್ಕಳು. ನಾನು ಆರಿಸಿ, ಮುಚ್ಚಳ ಸರಿಸಿ, ಎರಡೂ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ.

ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿನಲ್ಲಿ ಕೆಲಸ ಬೇಗನೆ ಆಯಿತು. ಪರಿಚಯದ ಅಂಗಡಿಯವನು ನನ್ನ ಎರಡೂ ಹಳೆಯ ಪಟ್ಟಿಗಳನ್ನು ತೆಗೆದುಕೊಂಡು, ಒಂದೇ ಕಂಪನಿಯ ಒಂದೇ ವೇಗದ ಜೋಡಿಯನ್ನು ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ ಕೊಟ್ಟ. ತಡವಾದದ್ದು ಹಿಂದಿರುಗುವಾಗ. ಬೇಗಂಪೇಟೆಯಲ್ಲಿ ಮುಖ್ಯಮಂತ್ರಿಗಳ ಕಾರುಗಳು ಹೋಗಬೇಕೆಂದು ರಸ್ತೆ ತಡೆದಿದ್ದರು. ರಾಜಧಾನಿಯಲ್ಲಿರುವವರಿಗೆ ಇದು ಹೊಸದಲ್ಲ. ಬಿಸಿಲಲ್ಲಿ ಸ್ಕೂಟರ್ ಆರಿಸಿ ಎಲ್ಲರ ಜೊತೆ ನಿಂತೆ. ಊಟದ ಹೊತ್ತಿಗಿಂತ ಮುಂಚೆ ತಲುಪಿದರೆ ಸಾಕಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಗ ನನ್ನ ಬಳಿ ಮೊಬೈಲೂ ಇರಲಿಲ್ಲ.

ಕಾರ್ಖಾನೆ ತಲುಪಿ ಅಕ್ಕನ ವಿಭಾಗದ ಮೆಟ್ಟಿಲು ಹತ್ತಿದೆ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಅಟೆಂಡರ್ ಖಾಜಾ ಮಿಯಾ ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ‘ಅಂದರ್ ಚಲ್ ರಾ ಸಾಬ್, ಆಹಿಸ್ತಾ’, ಒಳಗೆ ನಡೆಯುತ್ತಿದೆ, ಮೆಲ್ಲಗೆ, ಎಂದರು. ಏನು ನಡೆಯುತ್ತಿದೆ ಎಂದು ಕೇಳುವ ಮೊದಲೇ ನನಗೆ ಕೇಳಿಸಿತು. ಒಳಗೆ ಸಾಹೇಬ ಮಾತಾಡುತ್ತಿದ್ದ.

ಬಾಗಿಲು ಸ್ವಲ್ಪ ಸರಿಸಿ ನಿಂತೆ. ದೆಹಲಿಯ ಅಧಿಕಾರಿ ಸಂಜೆಯ ಬದಲು ಮಧ್ಯಾಹ್ನವೇ ವಿಮಾನ ಹತ್ತಬೇಕಾಗಿ ಬಂದದ್ದರಿಂದ ಪರೀಕ್ಷೆ ಊಟಕ್ಕೆ ಮೊದಲೇ ಶುರುವಾಗಿತ್ತು ಎನ್ನುವುದು ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟು: ಅಕ್ಕ ನೆಟ್ಟಗೆ ಕೂತಿದ್ದಾಳೆ. ಅವಳ ಹಿಂದೆ ಮೂರ್ತಿಯವರು, ಪಕ್ಕದಲ್ಲಿ ಕೋಟು ಹಾಕಿದ ದೆಹಲಿಯವರು. ಪರದೆಯ ಮೇಲೆ ಅಕ್ಷರಗಳು ಸಾಲುಸಾಲಾಗಿ ಮೂಡುತ್ತಿವೆ. ಅದೇ ಕಂಪ್ಯೂಟರ್. ಬೆಳಿಗ್ಗೆ ನಾನು ಅರೆಬರೆ ಸರಿಸಿಟ್ಟ ಮುಚ್ಚಳ ಹಾಗೇ ಇದೆ.

ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಬೆಳ್ಳಿಯ ಪೊಟ್ಟಣ ಕೈಗೆ ತಾಗಿತು.

ಆ ಕ್ಷಣ ಆದದ್ದನ್ನು ಹೇಗೆ ಹೇಳಲಿ? ಎಣ್ಣೆಯಿಲ್ಲದ ದೀಪ ಉರಿಯುವುದನ್ನು ಕಂಡರೆ ನಿಮಗೆ ಹೇಗಾಗುತ್ತದೋ ಹಾಗೆ. ಮೊದಲು ಹೊಳೆದದ್ದು, ಯಾರೋ ಬೇರೆ ಮೆಮೊರಿ ತಂದು ಹಾಕಿದ್ದಾರೆ ಎಂದು. ಸ್ವಲ್ಪ ಧೈರ್ಯ ಬಂತು. ಆದರೂ ಅನುಮಾನ ಹೋಗಲಿಲ್ಲ. ಯಾಕೆಂದರೆ ಆ ಕಂಪ್ಯೂಟರ್ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಕ್ಕನ ಬೆರಳು ಎದ್ದರೆ ಸಾಹೇಬನ ಮಾತು ಸಿದ್ಧ. ಒಂದು ತೊದಲಿಲ್ಲ, ಒಂದು ತಡೆಯಿಲ್ಲ.

ದೆಹಲಿಯವರು ಇಂಗ್ಲಿಷಿನಲ್ಲಿ ಒಂದು ಪತ್ರ ಹೇಳಿದರು, ಅಕ್ಕ ಟೈಪ್ ಮಾಡಿದಳು. ನಡುವಿನ ಒಂದು ಸಾಲು ಬದಲಿಸಿ ಎಂದರು, ಬದಲಿಸಿದಳು. ಆಮೇಲೆ ಅವರು ತಮ್ಮ ಪೆಟ್ಟಿಗೆಯಿಂದ ಒಂದು ಫ್ಲಾಪಿ ತೆಗೆದು, ‘ಇದರಲ್ಲೇನಿದೆ ಹೇಳಿ ನೋಡೋಣ’ ಎಂದು ಹಿಂದಿಯಲ್ಲಿ ಕೇಳಿದರು. ಅದು ಅಕ್ಕ ಎಂದೂ ಕಾಣದ ಕಡತ. ಅವಳು ಸಾಹೇಬನ ವೇಗ ಹೆಚ್ಚಿಸಿದಳು. ನಮಗ್ಯಾರಿಗೂ ಅರ್ಥವಾಗದಷ್ಟು ವೇಗ. ಹಂಚಿನ ಮೇಲೆ ಜೋಳ ಸಿಡಿದ ಹಾಗೆ ಕೇಳುತ್ತಿತ್ತು. ತಲೆ ವಾಲಿಸಿ ಕೇಳಿ ಮುಗಿಸಿ, ‘ಇದು ಬಿಡಿಭಾಗ ತಡವಾದ ಬಗ್ಗೆ ಬರೆದ ಪತ್ರ ಸರ್. ಎರಡನೇ ಪುಟದಾಗ ಒಂದು ಪ್ಯಾರಾ ಎರಡು ಸಲ ಬಂದದ. ಒಂದು ತೆಗೀಲಾ?’ ಎಂದು ಹಿಂದಿಯಲ್ಲೇ ಕೇಳಿದಳು. ದೆಹಲಿಯವರು ಬಗ್ಗಿ ಪರದೆ ನೋಡಿದರು. ನಕ್ಕುಬಿಟ್ಟರು. ‘ತೆಗೆಯಿರಿ, ಅದು ನಾನೇ ಬರೆದದ್ದು’ ಎಂದರು. ಮೂರ್ತಿಯವರು ‘ಭೇಷ್ ಅಮ್ಮಾ, ಭೇಷ್’ ಎಂದು ಪುಟ್ಟ ಹುಡುಗನ ಹಾಗೆ ಚಪ್ಪಾಳೆ ತಟ್ಟಿದರು.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ನನ್ನ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ನನ್ನ ಅಕ್ಕ ಎಂದು ಆ ಕಾರ್ಖಾನೆಯ ಸೈರನ್ನಿನಲ್ಲಿ ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಅಪ್ಪ ಇರಬೇಕಿತ್ತು ಅನ್ನಿಸಿತು.

ಅಧಿಕಾರಿಗಳು ಎದ್ದರು. ದೆಹಲಿಯವರು ಅಕ್ಕನ ಕೈ ಕುಲುಕಿ, ಮೂರ್ತಿಯವರ ಕಡೆ ತಿರುಗಿ ‘ಇವರನ್ನು ಇಷ್ಟು ದಿನ ಸುಮ್ಮನೆ ಯಾಕೆ ಕೂಡಿಸಿದ್ದಿರಿ?’ ಎಂದು ಕೇಳಿ ಹೋದರು. ಅಕ್ಕ ಕ್ರಮವಾಗಿ ಕಂಪ್ಯೂಟರ್ ಆರಿಸಿದಳು. ಸಾಹೇಬ ಸುಮ್ಮನಾದ. ಆಗ ನಾನು ಒಳಗೆ ಹೋದೆ.

‘ಬಂದ್ಯಾ ತಮ್ಮಾ? ಕೇಳಿದ್ಯಾ?’ ಎಂದಳು. ಮುಖ ದೀಪದ ಹಾಗಿತ್ತು.

‘ಕೇಳಿದೆ ಅಕ್ಕಾ. ಎಲ್ಲಾ ಕೇಳಿದೆ. ಮೆಮೊರಿ ಯಾರು ಹಾಕಿದ್ರು?’

ಅವಳ ಹುಬ್ಬು ಗಂಟಾಯಿತು. ‘ನೀ ಹಾಕಿಲ್ಲೇನು?’

‘ನಾ ಈಗ ಬಂದು ಬಾಗಲದಾಗ ನಿಂತಿದ್ದೆ.’

ನಾನು ಮುಚ್ಚಳ ಎತ್ತಿದೆ. ಎರಡೂ ಸೀಳುಗಳು ಖಾಲಿ ಇದ್ದವು. ಬೆಳಿಗ್ಗೆ ನಾನು ಪಟ್ಟಿ ಕಿತ್ತಾಗ ಎರಡು ಬದಿಗೆ ತೆರೆದುಕೊಂಡ ಬಿಳಿಯ ಹಿಡಿಕೆಗಳು ಹಾಗೇ ಬಾಯಿ ತೆರೆದುಕೊಂಡಿದ್ದವು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಬರದೆ, ಅಕ್ಕನ ಕೈ ಹಿಡಿದು ಒಳಗೆ ಇಡಿಸಿದೆ. ಅವಳ ಬೆರಳು ಆ ಎರಡು ಖಾಲಿ ಸೀಳುಗಳ ಮೇಲೆ ನಿಧಾನವಾಗಿ ಓಡಿ, ಕೊನೆಯಲ್ಲಿ ನಿಂತಿತು. ನಾನು ಸ್ವಿಚ್ ಒತ್ತಿದೆ. ಕೂಂ… ಕೂಂ… ಎಂದಿತು.

ನಾನು ಆರಿಸಿದೆ.

‘ಅವರು ಒಮ್ಮೆಲೇ ಬಂದ್ರು,’ ಎಂದಳು ಅಕ್ಕ ಆಮೇಲೆ. ‘ಮೆಷೀನು ಚಾಲೂ ಇಲ್ಲ, ತಮ್ಮ ಬರ್ಲಿ ಅಂದೆ. ಅವರಿಗೆ ಟೈಮ್ ಇರಲಿಲ್ಲ. ಮೂರ್ತಿ ಸರ್ ಒಮ್ಮೆ ಹಚ್ಚಿ ನೋಡ್ರಿ ಅಮ್ಮಾ ಅಂದ್ರು. ಕೂಗೋದು ಕೇಳಿದ್ರ ಅವರಿಗೂ ತಿಳೀತೈತಿ, ಬ್ಯಾರೆ ದಿನಾ ಕೊಡ್ತಾರ ಅಂತ ಗುಂಡಿ ಒತ್ತಿದೆ. ಸಾಹೇಬ ಮಾತಾಡಿದ. ಮುಂಜಾನೆ ನೀನ ಹೋಗೂ ಮುಂದ ಏನೋ ಹಾಕಿ ಹೋಗಿರಬೇಕು ಅಂತ ತಿಳಕೊಂಡೆ. ಕೆಲಸಾ ಮುಂದ ಬಂದು ನಿಂತಾಗ ಹೆಂಗ ಬಂತು ಅಂತ ಕೇಳ್ಕೋತ ಕೂಡ್ಲೇನು?’

‘ನಡುವ ಯಾರಾರ ಬಿಚ್ಚಿದ್ರೇನು?’

‘ನಾ ಇಲ್ಲೇ ಕೂತಿದ್ದೆ, ಎದ್ದಿಲ್ಲ. ನನ್ನ ಕಿವಿ ತಪ್ಪಿಸಿ ಯಾರು ಬಿಚ್ತಾರ?’

ಖಾಜಾ ಮಿಯಾರನ್ನು ಕರೆದು ಕೇಳಿದೆ. ‘ಕೋಯೀ ನೈ ಆಯಾ ಸಾಬ್, ಕಸಮ್ ಸೇ’, ಯಾರೂ ಬಂದಿಲ್ಲ ಎಂದು ಆಣೆ ಮಾಡಿದರು. ಆಫೀಸಿನ ಫೋನಿನಿಂದ ಸಿಕಂದರಾಬಾದಿನ ಅಂಗಡಿಗೆ ಫೋನ್ ಮಾಡಿದೆ. ನಿಮ್ಮ ಹಳೆಯವೆರಡೂ ನನ್ನ ಮೇಜಿನ ಮೇಲೇ ಇವೆಯಲ್ಲ, ಏನಾಯಿತು ಎಂದು ಅಂಗಡಿಯವನು ನನ್ನನ್ನೇ ಕೇಳಿದ. ಹೊಸ ಜೋಡಿಯನ್ನು ಸೀಳಿಗೆ ಒತ್ತಿ ಕೂಡಿಸಿ ಕಂಪ್ಯೂಟರ್ ಹಚ್ಚಿದೆ. ಅಕ್ಕ ಟೈಪ್ ಮಾಡಿದ ಪತ್ರ ಒಳಗೆ ಇತ್ತು, ತಿದ್ದಿದ ಸಾಲಿನ ಸಮೇತ. ಅಂದರೆ ನಾವು ಕಂಡದ್ದು ಭ್ರಮೆಯಲ್ಲ.

‘ಅಕ್ಕಾ, ಇದು ಪವಾಡ. ಮೂರ್ತಿಯವರಿಗೆ ಹೇಳಿ ಬರ್ತೀನಿ’ ಎಂದು ಎದ್ದೆ.

ಅಕ್ಕ ನನ್ನ ಅಂಗಿಯ ತೋಳು ಹಿಡಿದಳು. ಅಷ್ಟು ಬಿಗಿಯಾಗಿ ಅವಳು ನನ್ನನ್ನು ಎಂದೂ ಹಿಡಿದಿರಲಿಲ್ಲ.

‘ಕೂಡು. ಯಾರಿಗೂ ಹೇಳಬ್ಯಾಡ. ನಾಳೆ ಎಲ್ಲಾರೂ ಏನಂತಾರ ಗೊತ್ತೈತೇನು? ಗಿರಿಜಾ ಟೈಪ್ ಮಾಡಿದ್ಲು ಅನ್ನಂಗಿಲ್ಲ, ದೇವರು ಮಾಡಿಸ್ದ ಅಂತಾರ. ಕುರುಡಿಗೆ ದೇವರ ದಯಾ ಅಂತಾರ. ಮತ್ತ ಪಾಪ ಅಂತಾರ. ನಾ ಇಷ್ಟು ತಿಂಗಳು ಕಲ್ತಿದ್ದು ಏನಾತು? ನನ್ನ ಕೆಲಸದಾಗ ದೆವ್ವಕ್ಕಾಗಲಿ ದೇವರಿಗಾಗಲಿ ಪಾಲು ಕೊಡೂದಿಲ್ಲ ನಾ.’

ನಾನು ಕೂತೆ. ಅವತ್ತಿನಿಂದ ಬಾಯಿ ಮುಚ್ಚಿಕೊಂಡೆ.

ಅಕ್ಕನಿಗೆ ಮೇಜು ಸಿಕ್ಕಿತು. ಹೊಸ ಜೋಡಿ ಹಾಕಿದ ಮೇಲೆ ಆ ಕಂಪ್ಯೂಟರ್ ಒಮ್ಮೆಯೂ ನೀಲಿಯಾಗಲಿಲ್ಲ. ಅವಳು ಅಲ್ಲಿ ವರ್ಷಗಟ್ಟಲೆ ಪತ್ರವ್ಯವಹಾರ ನೋಡಿಕೊಂಡಳು, ಬಡ್ತಿ ಪಡೆದಳು, ಬೇರೆ ಊರುಗಳ ಘಟಕಗಳಿಂದ ಬಂದ ಕಣ್ಣಿಲ್ಲದ ನೌಕರರಿಗೆ ಅದೇ ಕೋಣೆಯಲ್ಲಿ ಪಾಠ ಹೇಳಿದಳು. ಕಳೆದ ವರ್ಷ ನಿವೃತ್ತಳಾದಾಗ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತು ಕೇಳಿದೆ. ಈಗ ನಾವು ಮಿಯಾಪುರದಲ್ಲಿ ಒಂದೇ ಕಟ್ಟಡದಲ್ಲಿ, ಮೇಲೆ ಕೆಳಗೆ ಇದ್ದೇವೆ.

ಆ ದಿನದ ಬಗ್ಗೆ ನಾನು ಯೋಚಿಸದ ತಿಂಗಳಿಲ್ಲ. ಹೆಸರು ಹೇಳದೆ, ಬೇರೆ ಯಾರದೋ ಕಥೆ ಎಂಬಂತೆ ಕೊಂಡಾಪುರದ ದೊಡ್ಡ ಆಫೀಸುಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳನ್ನು ಕೇಳಿದ್ದೇನೆ. ಬೋರ್ಡಿನಲ್ಲೇ ಅಂಟಿಸಿದ ಮೆಮೊರಿ ಇದ್ದಿರಬಹುದು ಎಂದ ಒಬ್ಬ. ಇರಲಿಲ್ಲ, ಇದ್ದಿದ್ದರೆ ಅದು ಕೂಗುತ್ತಿರಲಿಲ್ಲ. ಕೀಳದೆಯೇ ಕಿತ್ತೆ ಎಂದು ಆ ಮನುಷ್ಯ ಅಂದುಕೊಂಡಿರಬಹುದು ಎಂದ ಇನ್ನೊಬ್ಬ. ಹಾಗಾದರೆ ಅಂಗಡಿಯವನ ಮೇಜಿನ ಮೇಲಿದ್ದದ್ದು ಏನು? ನನ್ನ ಕೈಗೆ ಬಂದ ಅಂಥ ಹಳೆಯ ಕಂಪ್ಯೂಟರುಗಳನ್ನೆಲ್ಲ ಮೆಮೊರಿ ಕಿತ್ತು ಹಚ್ಚಿ ನೋಡಿದ್ದೇನೆ. ಎಲ್ಲವೂ ಕೂಗುತ್ತವೆ, ಅಷ್ಟೆ. ನಾನು ಇವತ್ತಿಗೂ ದೆವ್ವವನ್ನು ನಂಬುವುದಿಲ್ಲ. ನಂಬಿಬಿಟ್ಟಿದ್ದರೆ ಸುಲಭವಾಗುತ್ತಿತ್ತು.

ಹೋದ ವಾರ ಅಕ್ಕನನ್ನು ಕೇಳಿದೆ, ಈಗಲಾದರೂ ಬರೆಯಲೇ ಎಂದು. ‘ಬರಿ. ಈಗ ನನ್ನ ಮೇಜು ಯಾರು ಕಸ್ಕೋತಾರ?’ ಎಂದಳು. ಬರೆದದ್ದನ್ನು ಅವಳೆದುರು ಕೂತು ಓದಿ ಹೇಳಿದೆ. ಕೊನೆಯವರೆಗೆ ತಲೆ ವಾಲಿಸಿ ಕೇಳಿದಳು. ಒಂದೇ ಒಂದು ತಿದ್ದುಪಡಿ ಹೇಳಿದಳು. ಅವತ್ತು ಆಡಿದ ಮಾತಲ್ಲದೆ, ನಾನು ಇನ್ನೊಂದು ಕಡೆ ‘ಈ ಪವಾಡ’ ಎಂದು ಬರೆದಿದ್ದೆ. ‘ಅದನ್ನ ತಗಿ,’ ಎಂದಳು.

ತೆಗೆದಿದ್ದೇನೆ. ಆ ಜಾಗದಲ್ಲಿ ಬೇರೆ ಏನು ಬರೆಯಬೇಕು ಎಂದು ಕೇಳಿದ್ದಕ್ಕೆ ಅವಳು ಬಹಳ ಹೊತ್ತು ಯೋಚಿಸಿದಳು. ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಾಗೇ ಖಾಲಿ ಬಿಟ್ಟಿದ್ದೇನೆ.